ಬೆಕ್ಕನ್ನು ಮನೆಯಿಂದ ಹೊರಗೆ ಕಳಿಸುವ ಮುನ್ನ: ಟಾಕ್ಸೊಪ್ಲಾಸ್ಮೋಸಿಸ್ ತಡೆಯುವ ಬಗೆ

ಮನೆಯಲ್ಲಿ ಒಬ್ಬರು ಗರ್ಭಿಣಿ ಎಂದು ತಿಳಿದ ಕೂಡಲೇ ಎಷ್ಟೋ ಕಡೆ ಮೊದಲು ಹೊರಬೀಳುವುದು ಬೆಕ್ಕು. ವರ್ಷಗಟ್ಟಲೆ ಜೊತೆಗಿದ್ದ ಪ್ರಾಣಿಯನ್ನು ಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬಂದವರು, ಅದೇ ಸಂಜೆ ಹಸಿಮಾಂಸ ಕತ್ತರಿಸಿದ ಹಲಗೆಯ ಮೇಲೆಯೇ ಸೌತೆಕಾಯಿ ಹೆಚ್ಚುತ್ತಾರೆ. ಟಾಕ್ಸೊಪ್ಲಾಸ್ಮೋಸಿಸ್ ಎಂಬ ಸೋಂಕು ಬೆಕ್ಕಿನಿಂದ ಹುಟ್ಟುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅದು ಮನುಷ್ಯನ ಬಾಯಿಗೆ ತಲುಪುವ ದಾರಿಗಳು ಹಲವು, ಮತ್ತು ಮುಚ್ಚಬೇಕಾದದ್ದು ಆ ದಾರಿಗಳನ್ನು. ಯಾವ ದಾರಿಯನ್ನು ಹೇಗೆ ಮುಚ್ಚಬೇಕು, ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಅದನ್ನು ಹೇಗೆ ಓದಬೇಕು, ಯಾವಾಗ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಜೀವಿಯ ನಡೆಯನ್ನು ತಿಳಿಯಿರಿ

ಈ ಸೋಂಕಿಗೆ ಕಾರಣ ಟಾಕ್ಸೊಪ್ಲಾಸ್ಮಾ ಗಾಂಡಿ ಎಂಬ ಏಕಕೋಶ ಪರಾವಲಂಬಿ. 1908ರಲ್ಲಿ ಟ್ಯೂನಿಸ್‌ನಲ್ಲಿ ಶಾರ್ಲ್ ನಿಕೋಲ್ ಮತ್ತು ಲೂಯಿ ಮಾನ್ಸೋ ಅವರು ಗುಂಡಿ ಎಂಬ ಇಲಿಜಾತಿಯ ಪ್ರಾಣಿಯಲ್ಲಿ ಇದನ್ನು ಕಂಡರು. ಅದೇ ವರ್ಷ ಬ್ರೆಜಿಲ್‌ನಲ್ಲಿ ಅಲ್ಫೋನ್ಸೊ ಸ್ಪ್ಲೆಂಡೋರೆ ಮೊಲದಲ್ಲಿ ಗುರುತಿಸಿದರು. ಬಾಗಿದ ಬಿಲ್ಲಿನಂಥ ಆಕಾರವಿರುವುದರಿಂದ, ಬಿಲ್ಲು ಎಂಬ ಅರ್ಥದ ಗ್ರೀಕ್ ಪದವೇ ಹೆಸರಿನಲ್ಲಿ ಸೇರಿಕೊಂಡಿತು. ಇದು ಮನುಷ್ಯರ ದೇಹವನ್ನು ಸೇರುವ ಬಗೆ ಮಾತ್ರ ಬಹಳ ಕಾಲ ಒಗಟಾಗಿಯೇ ಇತ್ತು. ಬೆಕ್ಕಿನ ಮಲದಿಂದ ಸೋಂಕು ಹರಡುತ್ತದೆ ಎಂದು ವಿಲಿಯಂ ಹಚಿಸನ್ 1965ರಲ್ಲಿ ತೋರಿಸಿದ ಮೇಲೆಯೇ ಸರಪಳಿಯ ಕೊಂಡಿಗಳು ಕೂಡಿಕೊಳ್ಳತೊಡಗಿದವು.

ಈ ಜೀವಿ ಮನುಷ್ಯ, ಕುರಿ, ಹಂದಿ, ಹಕ್ಕಿ, ಕಡಲ ಸಸ್ತನಿ ಹೀಗೆ ಬಹುತೇಕ ಎಲ್ಲ ಬಿಸಿರಕ್ತದ ಪ್ರಾಣಿಗಳಲ್ಲಿ ಬದುಕಬಲ್ಲದು. ಆದರೆ ಗಂಡು ಹೆಣ್ಣು ರೂಪಗಳು ಕೂಡಿ ಮೊಟ್ಟೆಯಂಥ ಕೋಶಗಳಾಗುವುದು ಬೆಕ್ಕಿನ ಕುಲದ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಬೆಕ್ಕಿನ ಕರುಳಿನಲ್ಲಿ ಲಿನೋಲಿಕ್ ಆಮ್ಲವನ್ನು ಒಡೆಯುವ ಒಂದು ಕಿಣ್ವ ಇಲ್ಲ, ಹಾಗಾಗಿ ಆ ಆಮ್ಲ ಅಲ್ಲಿ ಹೆಚ್ಚಾಗಿ ಉಳಿಯುತ್ತದೆ, ಪರಾವಲಂಬಿಗೆ ಬೇಕಾದದ್ದು ಅದೇ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಾಯಿಯನ್ನೋ ಹಸುವನ್ನೋ ಬಿಟ್ಟು ಬೆಕ್ಕನ್ನೇ ಇದು ಏಕೆ ಆರಿಸಿಕೊಂಡಿತು ಎಂಬ ಪ್ರಶ್ನೆಗೆ ಇಷ್ಟು ಸರಳವಾದ ಉತ್ತರ ಸಿಕ್ಕದ್ದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಬಳಕೆಗೆ ಬೇಕಾದ ಮಟ್ಟಿಗೆ ಮೂರು ರೂಪಗಳನ್ನು ನೆನಪಿಟ್ಟರೆ ಸಾಕು. ಬೆಕ್ಕಿನ ಮಲದಲ್ಲಿ ಹೊರಬಂದು ಮಣ್ಣು ಸೇರುವ ಗಟ್ಟಿ ಕವಚದ ಕೋಶ ಊಸಿಸ್ಟ್. ದೇಹದೊಳಗೆ ವೇಗವಾಗಿ ಹೆಚ್ಚುತ್ತ ಕಾಯಿಲೆ ಉಂಟುಮಾಡುವ ರೂಪ ಟಾಕಿಜೋಯಿಟ್. ರೋಗನಿರೋಧಕ ಶಕ್ತಿ ಎಚ್ಚೆತ್ತ ಮೇಲೆ ಅದರ ಕಣ್ಣಿಗೆ ಬೀಳದೆ ಸ್ನಾಯು, ಮಿದುಳು, ಹೃದಯ, ಕಣ್ಣುಗಳಲ್ಲಿ ಗೂಡು ಕಟ್ಟಿ ನಿಧಾನವಾಗಿ ಬದುಕುವ ರೂಪ ಬ್ರಾಡಿಜೋಯಿಟ್. ಈ ಗೂಡುಗಳು ಜೀವನಪರ್ಯಂತ ಉಳಿಯಬಲ್ಲವು. ಇವುಗಳನ್ನು ಪೂರ್ತಿ ಅಳಿಸಿಹಾಕುವ ಔಷಧ ಈವರೆಗೆ ಬಂದಿಲ್ಲ. ನಾವು ತಿನ್ನುವ ಮಾಂಸದಲ್ಲಿ ಇರುವುದೂ ಇದೇ ಗೂಡು. ಹೀಗಾಗಿ ಸೋಂಕಿಗೆ ಮುಖ್ಯವಾಗಿ ಎರಡು ಬಾಗಿಲುಗಳಿವೆ: ಊಸಿಸ್ಟ್ ಬೆರೆತ ಮಣ್ಣು, ನೀರು, ತರಕಾರಿಗಳದ್ದು ಒಂದು, ಸರಿಯಾಗಿ ಬೇಯದ ಮಾಂಸದ್ದು ಇನ್ನೊಂದು. ತಾಯಿಯಿಂದ ಗರ್ಭದ ಕೂಸಿಗೆ ಹೋಗುವುದು ಮೂರನೆಯದು. ಅಪರೂಪಕ್ಕೆ ಅಂಗಾಂಗ ಕಸಿ, ರಕ್ತದಾನಗಳ ಮೂಲಕವೂ ದಾಟುವುದುಂಟು. ಪ್ರಪಂಚದ ಜನಸಂಖ್ಯೆಯಲ್ಲಿ ಸುಮಾರು ಮೂರನೇ ಒಂದು ಭಾಗದ ಜನರಿಗೆ ಇದು ಎಂದೋ ಒಮ್ಮೆ ತಗುಲಿದೆ ಎಂದು ಅಂದಾಜಿಸುತ್ತಾರೆ. ಅವರಲ್ಲಿ ಬಹುಪಾಲು ಜನರಿಗೆ ಅದು ಗೊತ್ತೇ ಆಗುವುದಿಲ್ಲ.

ಎರಡನೆಯ ಹೆಜ್ಜೆ: ಬೆಕ್ಕಿನ ಮಲದ ತಟ್ಟೆಯನ್ನು ದಿನವೂ ಖಾಲಿ ಮಾಡಿ

ಬೆಕ್ಕು ಸೋಂಕಿರುವ ಇಲಿಯನ್ನೋ ಹಕ್ಕಿಯನ್ನೋ ಹಸಿಮಾಂಸವನ್ನೋ ಮೊದಲ ಬಾರಿ ತಿಂದ ಕೆಲವು ದಿನಗಳಲ್ಲಿ ಮಲದೊಂದಿಗೆ ಊಸಿಸ್ಟ್‌ಗಳನ್ನು ಹೊರಹಾಕತೊಡಗುತ್ತದೆ. ಇದು ನಡೆಯುವುದು ಒಂದರಿಂದ ಮೂರು ವಾರಗಳ ಕಾಲ ಮಾತ್ರ. ಅಷ್ಟರಲ್ಲೇ ಲಕ್ಷಲಕ್ಷ ಊಸಿಸ್ಟ್‌ಗಳು ಹೊರಬಿದ್ದಿರುತ್ತವೆ. ಆಮೇಲೆ ಅದರ ದೇಹ ಪ್ರತಿರೋಧ ಬೆಳೆಸಿಕೊಳ್ಳುವುದರಿಂದ ಮತ್ತೆ ಹೊರಹಾಕುವುದು ವಿರಳ. ಆ ಮೂರು ವಾರಗಳಲ್ಲಿ ಬೆಕ್ಕು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಆಡುತ್ತದೆ, ಉಣ್ಣುತ್ತದೆ. ನೋಡಿ ಹೇಳುವಂತಿಲ್ಲ.

ಕಾಪಾಡಿಕೊಳ್ಳಲು ಇಲ್ಲಿ ನಮಗೆ ಒಂದು ಅವಕಾಶವಿದೆ. ಹೊಸದಾಗಿ ಬಿದ್ದ ಮಲದಲ್ಲಿರುವ ಊಸಿಸ್ಟ್ ಆ ಕ್ಷಣದಲ್ಲಿ ಸೋಂಕು ತಗುಲಿಸಲಾರದು. ಗಾಳಿ, ತೇವ, ಬೆಚ್ಚನೆ ಸಿಕ್ಕು ಅದು ಮಾಗಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಬೆಕ್ಕು ಮಲ ಹಾಕುವ ಮರಳಿನ ತಟ್ಟೆಯನ್ನು 24 ಗಂಟೆಗಳೊಳಗೆ ಖಾಲಿ ಮಾಡುವ ಮನೆಯಲ್ಲಿ, ಬೆಕ್ಕಿಗೆ ಸೋಂಕಿದ್ದರೂ ಅಪಾಯ ತೀರ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ಬಳಿಯುವ ಮನೆಗೂ ದಿನಕ್ಕೊಮ್ಮೆ ಬಳಿಯುವ ಮನೆಗೂ ಅಜಗಜಾಂತರ.

ಕೆಲಸವನ್ನು ಹೀಗೆ ಮಾಡಿ. ಬಿಸಾಡುವಂಥ ಕೈಗವಸು ಹಾಕಿಕೊಳ್ಳಿ. ಮಲವನ್ನೂ ಒದ್ದೆಯಾದ ಮರಳುಂಡೆಗಳನ್ನೂ ಧೂಳೇಳದಂತೆ ನಿಧಾನವಾಗಿ ಸೌಟಿನಿಂದ ಎತ್ತಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಕಸದ ಡಬ್ಬಿಗೆ ಸೇರಿಸಿ. ತಟ್ಟೆಯನ್ನು ಕೊಡವಬೇಡಿ, ಒಣಗಿದ ಧೂಳು ಮೂಗು ಬಾಯಿಗೆ ಹಾರುವುದೇ ಆಗ. ಈ ಮರಳನ್ನು ಗೊಬ್ಬರದ ಗುಂಡಿಗೆ ಹಾಕಲೇಬಾರದು. ಆಗಾಗ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿ ಕುದಿಯುವ ನೀರನ್ನು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ. ಬ್ಲೀಚಿಂಗ್ ದ್ರಾವಣ ವಾಸನೆಯನ್ನು ಹೋಗಲಾಡಿಸೀತೇ ಹೊರತು ಊಸಿಸ್ಟ್‌ನ ಕವಚವನ್ನು ಒಡೆಯುವುದಿಲ್ಲ. ಅದಕ್ಕೆ ಬೇಕಾದದ್ದು ಬಿಸಿ. ಕೊನೆಗೆ ಕೈಗವಸು ತೆಗೆದು ಸೋಪಿನಿಂದ ಕೈ ತೊಳೆಯಿರಿ. ಗರ್ಭಿಣಿಯೂ ರೋಗನಿರೋಧಕ ಶಕ್ತಿ ಕುಂದಿದವರೂ ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದೇ ಒಳ್ಳೆಯದು.

ಬೆಕ್ಕಿಗೆ ಹಸಿಮಾಂಸ ಹಾಕಬೇಡಿ, ಬೇಯಿಸಿದ್ದನ್ನೋ ಸಿದ್ಧ ಆಹಾರವನ್ನೋ ಕೊಡಿ, ಬೇಟೆಗೆ ಹೋಗದಂತೆ ಆದಷ್ಟು ಮನೆಯೊಳಗೇ ಇರಿಸಿಕೊಳ್ಳಿ. ಗರ್ಭಿಣಿ ಇರುವ ಮನೆಗೆ ಹೊಸ ಮರಿಯನ್ನು ತರುವುದನ್ನು ಮಾತ್ರ ಮುಂದಕ್ಕೆ ಹಾಕಿ, ಏಕೆಂದರೆ ಮೊದಲ ಸೋಂಕು ತಗುಲುವುದು ಹೆಚ್ಚಾಗಿ ಬೇಟೆ ಕಲಿಯುವ ಎಳೆಯ ವಯಸ್ಸಿನಲ್ಲಿ. ಮನೆಯ ಹಳೆಯ ಬೆಕ್ಕಿನ ರಕ್ತದಲ್ಲಿ ಪ್ರತಿಕಾಯ, ಅಂದರೆ ಸೋಂಕನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನ್, ಕಂಡುಬಂದರೆ ಗಾಬರಿಯಾಗಬೇಡಿ. ಅದಕ್ಕೆ ಸೋಂಕು ಬಂದುಹೋಗಿದೆ, ಊಸಿಸ್ಟ್ ಹೊರಹಾಕುವ ಕಾಲ ಬಹುತೇಕ ಮುಗಿದಿದೆ ಎಂದು ಅದರ ಅರ್ಥ. ಬೆಕ್ಕನ್ನು ಮುಟ್ಟುವುದರಿಂದ, ಮಡಿಲಲ್ಲಿ ಕೂರಿಸಿಕೊಳ್ಳುವುದರಿಂದ ಸೋಂಕು ತಗುಲುವ ಸಾಧ್ಯತೆ ತೀರ ಕಡಿಮೆ. ಬೆಕ್ಕು ತನ್ನ ಮೈಯನ್ನು ದಿನವಿಡೀ ನೆಕ್ಕಿ ಶುಚಿ ಮಾಡಿಕೊಳ್ಳುವುದರಿಂದ ಊಸಿಸ್ಟ್ ಮಾಗುವಷ್ಟು ಕಾಲ ಮಲ ಅದರ ಕೂದಲಿನಲ್ಲಿ ಉಳಿಯುವುದಿಲ್ಲ.

ಮೂರನೆಯ ಹೆಜ್ಜೆ: ಮಾಂಸ, ಹಲಗೆ, ಚಾಕು

ಮಾಂಸದೊಳಗಿನ ಗೂಡುಗಳು ಕಣ್ಣಿಗೆ ಕಾಣುವುದಿಲ್ಲ, ಅವುಗಳಿಗೆ ವಾಸನೆಯೂ ಇಲ್ಲ. ಆದರೆ ಬಿಸಿಗೆ ಸುಲಭವಾಗಿ ಸಾಯುತ್ತವೆ. ಇಡೀ ತುಂಡುಗಳ ಒಳಭಾಗ 63 ಡಿಗ್ರಿ ಸೆಲ್ಸಿಯಸ್ ತಲುಪಿ ಒಲೆಯಿಂದ ಇಳಿಸಿದ ಮೇಲೆ ಮೂರು ನಿಮಿಷವಾದರೂ ಹಾಗೇ ಇರಬೇಕು. ಖೀಮಾ 71 ಡಿಗ್ರಿ, ಕೋಳಿಮಾಂಸ 74 ಡಿಗ್ರಿ ತಲುಪಬೇಕು. ಮಾಂಸದ ತಾಪಮಾಪಕ ಇಲ್ಲದವರು, ಅತ್ಯಂತ ದಪ್ಪ ತುಂಡನ್ನು ನಡುವೆ ಕತ್ತರಿಸಿ ನೋಡಿ, ಒಳಗೆ ಕೆಂಪು ಛಾಯೆಯೋ ಕೆಂಪು ರಸವೋ ಕಂಡರೆ ಮತ್ತೆ ಬೇಯಿಸಬೇಕು. ಕೆಂಡದ ಮೇಲೆ ಸುಟ್ಟ ಮಾಂಸ ಹೊರಗೆ ಕರಿದಂತಾಗಿ ಒಳಗೆ ಹಸಿಯೇ ಉಳಿಯುವುದುಂಟು. ಮೈಕ್ರೊವೇವ್ ಒಲೆಯಲ್ಲಿ ಬಿಸಿ ಎಲ್ಲೆಡೆ ಸಮನಾಗಿ ಹರಡದ ಕಾರಣ ಅದನ್ನೊಂದನ್ನೇ ನೆಚ್ಚುವಂತಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಹಲವು ದಿನ ಹೆಪ್ಪುಗಟ್ಟಿಸಿಟ್ಟರೆ ಗೂಡುಗಳಿಂದ ಬರುವ ಅಪಾಯ ಬಹಳ ಕಡಿಮೆಯಾಗುತ್ತದೆ. ಉಪ್ಪು ಹಾಕಿದ, ಹೊಗೆಯಲ್ಲಿ ಒಣಗಿಸಿದ ಮಾಂಸ ಸುರಕ್ಷಿತ ಎಂಬ ಭರವಸೆ ಇಲ್ಲ.

ಅಡುಗೆ ಮಾಡುವವರು ತಿಳಿಯದೆ ಎಡವುವ ಜಾಗ ಇನ್ನೊಂದಿದೆ. ಮಸಾಲೆ ಬೆರೆಸಿದ ಹಸಿ ಖೀಮಾದ ಉಪ್ಪು ಸರಿಯಿದೆಯೇ ಎಂದು ನಾಲಗೆಯ ತುದಿಗೆ ತಾಗಿಸಿ ನೋಡುವುದು, ಮಾಂಸ ತೊಳೆದ ಕೈಯಲ್ಲೇ ಕಣ್ಣುಜ್ಜಿಕೊಳ್ಳುವುದು, ಒಗ್ಗರಣೆಯ ಗಡಿಬಿಡಿಯಲ್ಲಿ ಅದೇ ಚಾಕುವಿನಿಂದ ಟೊಮೆಟೊ ಹೆಚ್ಚುವುದು. ಪಾತ್ರೆಯಲ್ಲಿರುವ ಮಾಂಸ ಮುಂದೆ ಬೇಯುತ್ತದೆ, ಆದರೆ ಹಲಗೆಯ ಗೀರುಗಳಿಂದ ಟೊಮೆಟೊಗೆ ಅಂಟಿದ್ದು ಬೇಯದೆ ಹಾಗೆಯೇ ತಟ್ಟೆಗೆ ಬರುತ್ತದೆ. ಹಸಿಮಾಂಸಕ್ಕೆ ಬೇರೆ ಹಲಗೆ, ಬೇರೆ ಚಾಕು ಇರಲಿ. ಅಷ್ಟು ಅನುಕೂಲವಿಲ್ಲದಿದ್ದರೆ ತರಕಾರಿಯನ್ನು ಮೊದಲು ಹೆಚ್ಚಿಟ್ಟು ಮಾಂಸವನ್ನು ಕೊನೆಗೆ ಕತ್ತರಿಸಿ, ನಂತರ ಹಲಗೆ, ಚಾಕು, ಕಟ್ಟೆ, ಕೈ ಎಲ್ಲವನ್ನೂ ಸೋಪು ಮತ್ತು ಬಿಸಿನೀರಿನಿಂದ ತೊಳೆಯಿರಿ.

ಕಾಯಿಸದ ಆಡಿನ ಹಾಲು, ಹಸಿಯಾಗಿ ತಿನ್ನುವ ಮೃದ್ವಂಗಿಗಳು ಕೂಡ ಸೋಂಕಿನ ಮೂಲವಾಗಬಲ್ಲವು.

ನಾಲ್ಕನೆಯ ಹೆಜ್ಜೆ: ಮಣ್ಣು ಮತ್ತು ನೀರು

ತೇವವಿರುವ ನೆರಳಿನ ಮಣ್ಣಿನಲ್ಲಿ ಊಸಿಸ್ಟ್ ಒಂದು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದುಕೊಂಡಿರಬಲ್ಲದು. ಬೆಕ್ಕನ್ನೇ ಸಾಕದವರಿಗೂ ಈ ಸೋಂಕು ತಗುಲುವುದು ಇದೇ ಕಾರಣಕ್ಕೆ. ಕೈತೋಟದ ಕೆಲಸಕ್ಕೆ ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಉಗುರಿನ ಸಂದಿಯನ್ನೂ ತಿಕ್ಕಿ ತೊಳೆಯಿರಿ. ಮಕ್ಕಳು ಆಡುವ ಮರಳಿನ ಗುಂಡಿಯನ್ನು ಆಟ ಮುಗಿದ ಮೇಲೆ ಮುಚ್ಚಿಡಿ, ಬೆಕ್ಕುಗಳಿಗೆ ಸಡಿಲ ಮರಳೆಂದರೆ ಬಲು ಇಷ್ಟ. ಹಸಿಯಾಗಿ ತಿನ್ನುವ ಸೊಪ್ಪು, ಗಡ್ಡೆ, ಹಣ್ಣುಗಳನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ, ಸಾಧ್ಯವಿದ್ದರೆ ಸಿಪ್ಪೆ ತೆಗೆಯಿರಿ. ವಿನೆಗರ್ ಅಥವಾ ಕ್ಲೋರಿನ್ ನೀರಿನಲ್ಲಿ ನೆನೆಸಿಟ್ಟರೆ ಊಸಿಸ್ಟ್ ಸಾಯುವುದಿಲ್ಲ. ಉಜ್ಜಿ, ಮಣ್ಣಿನ ಜೊತೆಗೆ ಅದನ್ನು ತೊಳೆದುಹಾಕುವುದೇ ಉಪಾಯ.

ನೀರಿನ ವಿಷಯದಲ್ಲಿ 1995ರ ಒಂದು ಘಟನೆಯನ್ನು ಹೇಳಲೇಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾದ ವಿಕ್ಟೋರಿಯಾ ನಗರದಲ್ಲಿ ಕೆಲವೇ ತಿಂಗಳಲ್ಲಿ 100 ಜನರಲ್ಲಿ ಹೊಸ ಸೋಂಕು ದೃಢಪಟ್ಟಿತು. ಸೋಂಕು ತಗುಲಿದವರ ನಿಜವಾದ ಸಂಖ್ಯೆ ಸಾವಿರಗಳಲ್ಲಿ ಇದ್ದಿರಬೇಕೆಂದು ಅಂದಾಜಿಸಲಾಯಿತು. ಹುಡುಕುತ್ತ ಹೋದಾಗ ಬೆರಳು ತೋರಿದ್ದು ನಗರಕ್ಕೆ ನೀರುಣಿಸುವ ಜಲಾಶಯದ ಕಡೆಗೆ. ಅದರ ಸುತ್ತಲಿನ ಕಾಡಿನಲ್ಲಿ ಕೂಗರ್ ಎಂಬ ಕಾಡುಬೆಕ್ಕುಗಳೂ ಸಾಕುಬೆಕ್ಕುಗಳೂ ಓಡಾಡುತ್ತಿದ್ದವು. ಆ ನೀರಿಗೆ ಸೋಂಕುನಿವಾರಕ ಬೆರೆಸುತ್ತಿದ್ದರು, ಸೋಸುತ್ತಿರಲಿಲ್ಲ. ಕೆರೆ, ಹೊಳೆ, ತೆರೆದ ಬಾವಿಯ ನೀರನ್ನು ಕುದಿಸಿ ಕುಡಿಯಿರಿ, ಕ್ಲೋರಿನ್ ಮಾತ್ರೆಯನ್ನು ನಂಬಿ ಕೂರಬೇಡಿ.

ಐದನೆಯ ಹೆಜ್ಜೆ: ವರದಿಯನ್ನು ಓದುವ ಕ್ರಮ

ನನ್ನ ಮಟ್ಟಿಗೆ ಅತಿ ಹೆಚ್ಚು ನೋವುಂಟುಮಾಡುವ ತಪ್ಪುಗಳು ನಡೆಯುವುದು ಇಲ್ಲಿ. ವರದಿಯ ಹಾಳೆಯಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಸಾಲಿನ ಎದುರು ಪಾಸಿಟಿವ್ ಎಂದು ಕಂಡೊಡನೆ ಕೂಸಿಗೆ ಏನೋ ಆಗಿಹೋಯಿತು ಎಂದು ಕಣ್ಣೀರಿಡುವ ದಂಪತಿಗಳಿದ್ದಾರೆ. ಆದರೆ ಆ ಸಾಲಿನಲ್ಲಿ ಎರಡು ಬೇರೆ ಬೇರೆ ಪ್ರತಿಕಾಯಗಳಿರುತ್ತವೆ. ಐಜಿಜಿ ಎಂಬುದು ಸೋಂಕು ತಗುಲಿದ ಒಂದೆರಡು ವಾರಗಳಲ್ಲಿ ಕಾಣಿಸಿಕೊಂಡು ಜೀವಮಾನವಿಡೀ ಉಳಿಯುವ ಗುರುತು. ಐಜಿಎಂ ಎಂಬುದು ಅದಕ್ಕಿಂತ ಬೇಗ ಏರುವ ಗುರುತು. ಇವೆರಡನ್ನೂ ಜೊತೆಯಾಗಿ ಓದಬೇಕು.

ಎರಡೂ ನೆಗೆಟಿವ್ ಇದ್ದರೆ ಈವರೆಗೆ ಸೋಂಕು ತಗುಲಿಲ್ಲ ಎಂದು ಅರ್ಥ. ಕೇಳಲು ಇದು ಒಳ್ಳೆಯ ಸುದ್ದಿಯಂತಿದ್ದರೂ ಗರ್ಭಿಣಿಯಾದವರು ಹೆಚ್ಚು ಎಚ್ಚರದಿಂದ ಇರಬೇಕಾದ ಸ್ಥಿತಿ ಇದೇ, ಏಕೆಂದರೆ ಅವರ ದೇಹದಲ್ಲಿ ರಕ್ಷಣೆ ಇನ್ನೂ ಇಲ್ಲ. ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್ ಎಂದಿದ್ದರೆ ಸೋಂಕು ಹಳೆಯದು. ರೋಗನಿರೋಧಕ ಶಕ್ತಿ ಚೆನ್ನಾಗಿರುವ ಗರ್ಭಿಣಿಗೆ ಇದು ನೆಮ್ಮದಿಯ ಫಲಿತಾಂಶ. ಗರ್ಭ ಧರಿಸುವುದಕ್ಕೆ ಬಹಳ ಮೊದಲೇ ಬಂದ ಸೋಂಕು ಸಾಮಾನ್ಯವಾಗಿ ಕೂಸಿಗೆ ದಾಟುವುದಿಲ್ಲ. ಮತ್ತೆ ಮತ್ತೆ ಗರ್ಭಪಾತವಾಗುವುದಕ್ಕೆ ಇಂಥ ಹಳೆಯ ಸೋಂಕೇ ಕಾರಣ ಎಂದು ಹೇಳಿ ಔಷಧ ಕೊಟ್ಟರೆ, ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ.

ಐಜಿಎಂ ಪಾಸಿಟಿವ್ ಬಂದಾಗಲೂ ತೀರ್ಪು ಹೊರಬಿತ್ತೆಂದು ತಿಳಿಯಬೇಡಿ. ಈ ಪ್ರತಿಕಾಯ ಕೆಲವರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿದಿರುತ್ತದೆ, ಪರೀಕ್ಷೆ ತಪ್ಪಾಗಿ ಪಾಸಿಟಿವ್ ತೋರಿಸುವುದೂ ಉಂಟು. ಆಗ ಮಾಡಬೇಕಾದದ್ದು ಎರಡು ಕೆಲಸ. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ರಕ್ತ ಕೊಟ್ಟು, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ, ಪ್ರಮಾಣ ಏರುತ್ತಿದೆಯೇ ಎಂದು ನೋಡುವುದು ಒಂದು. ಐಜಿಜಿ ಅವಿಡಿಟಿ ಎಂಬ ಪರೀಕ್ಷೆ ಮಾಡಿಸುವುದು ಇನ್ನೊಂದು. ಪ್ರತಿಕಾಯ ಪರಾವಲಂಬಿಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ ಎಂಬುದನ್ನು ಇದು ಅಳೆಯುತ್ತದೆ, ಮತ್ತು ಆ ಬಿಗಿ ಬರಲು ತಿಂಗಳುಗಳು ಬೇಕು. ಗರ್ಭದ ಮೊದಲ ಮೂರು ತಿಂಗಳೊಳಗೆ ತೆಗೆದ ರಕ್ತದಲ್ಲಿ ಅವಿಡಿಟಿ ಹೆಚ್ಚಿದ್ದರೆ ಸೋಂಕು ಗರ್ಭಕ್ಕಿಂತ ಹಿಂದಿನದು ಎಂದು ಹೇಳಬಹುದು. ಕಡಿಮೆ ಇದ್ದ ಮಾತ್ರಕ್ಕೆ ಸೋಂಕು ಹೊಸದೆಂದು ಖಚಿತವಾಗುವುದಿಲ್ಲ, ಕೆಲವರಲ್ಲಿ ಅದು ಬಹಳ ಕಾಲ ಕಡಿಮೆಯಾಗಿಯೇ ಉಳಿಯುತ್ತದೆ. ಗರ್ಭ ಧರಿಸುವ ಮೊದಲೇ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಈ ತಲೆನೋವಿನ ಬಹುಭಾಗ ತಪ್ಪುತ್ತದೆ.

ಆರನೆಯ ಹೆಜ್ಜೆ: ಗರ್ಭದಲ್ಲಿರುವಾಗ ಸೋಂಕು ಖಚಿತವಾದರೆ

ಮೊದಲ ಮೂರು ತಿಂಗಳಲ್ಲಿ ತಾಯಿಗೆ ಸೋಂಕು ತಗುಲಿದರೆ ಅದು ಕೂಸಿಗೆ ದಾಟುವ ಸಾಧ್ಯತೆ ಕಡಿಮೆ, ಆದರೆ ದಾಟಿದರೆ ಹಾನಿ ಗಂಭೀರ. ಕೊನೆಯ ಮೂರು ತಿಂಗಳಲ್ಲಿ ದಾಟುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಾಗುತ್ತದೆ, ಹಾನಿ ಸಾಮಾನ್ಯವಾಗಿ ಸೌಮ್ಯ. ಸುಮಾರು 18 ವಾರಗಳ ಒಳಗೆ ಸೋಂಕು ಗೊತ್ತಾದರೆ, ಮಾಸನ್ನು ದಾಟಿ ಕೂಸಿಗೆ ತಲುಪದಂತೆ ತಡೆಯಲು ಸ್ಪಿರಾಮೈಸಿನ್ ಕೊಡುವುದು ರೂಢಿ. 18 ವಾರಗಳ ನಂತರ ಗರ್ಭದ ನೀರನ್ನು ತೆಗೆದು, ಪರಾವಲಂಬಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿ ಕೂಸಿಗೆ ಸೋಂಕಿದೆಯೇ ಎಂದು ತಿಳಿಯಬಹುದು. ಇದ್ದರೆ ಪೈರಿಮೆಥಮಿನ್, ಸಲ್ಫಾಡಯಾಜಿನ್ ಔಷಧಗಳನ್ನು ಫೋಲಿನಿಕ್ ಆಸಿಡ್ ಜೊತೆಗೆ ಕೊಡುತ್ತಾರೆ. ಹೆಸರು ಹತ್ತಿರವಿದ್ದರೂ ಗರ್ಭಿಣಿಯರು ನುಂಗುವ ಫೋಲಿಕ್ ಆಸಿಡ್ ಮಾತ್ರೆ ಇದರ ಬದಲಿಯಲ್ಲ. ಪೈರಿಮೆಥಮಿನ್ ಅನ್ನು ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ. ಇವೆಲ್ಲ ತಜ್ಞರ ಕಣ್ಗಾವಲಿನಲ್ಲಿ, ರಕ್ತಕಣಗಳ ಎಣಿಕೆ ನೋಡುತ್ತ ನಡೆಯಬೇಕಾದ ಚಿಕಿತ್ಸೆಗಳು.

ಸೋಂಕು ತಗುಲಿದ ಕೂಸುಗಳಲ್ಲಿ ಹೆಚ್ಚಿನವು ಹುಟ್ಟುವಾಗ ಆರೋಗ್ಯವಾಗಿಯೇ ಕಾಣುತ್ತವೆ. ತಲೆಯಲ್ಲಿ ನೀರು ತುಂಬುವುದು, ಮಿದುಳಿನಲ್ಲಿ ಸುಣ್ಣದ ಕಲೆಗಳು, ಕಣ್ಣಿನ ರೆಟಿನಾದ ಉರಿಯೂತ ಇವು ತೀವ್ರ ಸೋಂಕಿನ ಗುರುತುಗಳು. ಆದರೆ ಚೆನ್ನಾಗಿ ಕಂಡ ಮಗುವಿಗೂ ವರ್ಷಗಳ ನಂತರ ಕಣ್ಣಿನ ತೊಂದರೆ ಕಾಣಿಸಿಕೊಳ್ಳಬಹುದು. ಅದಕ್ಕಾಗಿಯೇ ಮಗುವಿಗೆ ಸಾಮಾನ್ಯವಾಗಿ ಒಂದು ವರ್ಷದ ಚಿಕಿತ್ಸೆ, ಆಮೇಲೂ ನಿಯಮಿತ ಕಣ್ಣಿನ ತಪಾಸಣೆ ಬೇಕು.

ಏಳನೆಯ ಹೆಜ್ಜೆ: ಉಳಿದವರು ಗಮನಿಸಬೇಕಾದ ಲಕ್ಷಣಗಳು

ಆರೋಗ್ಯವಂತರಲ್ಲಿ ಸೋಂಕು ಲಕ್ಷಣ ತೋರಿದರೆ ಅದು ಫ್ಲೂ ಜ್ವರದಂತೆ ಇರುತ್ತದೆ. ಕತ್ತಿನಲ್ಲಿ ನೋವಿಲ್ಲದ ಗಂಟುಗಳು, ಮೈಕೈ ನೋವು, ವಾರಗಟ್ಟಲೆ ಬಿಡದ ಸುಸ್ತು. ಸಾಮಾನ್ಯವಾಗಿ ಚಿಕಿತ್ಸೆ ಇಲ್ಲದೆಯೇ ಕಡಿಮೆಯಾಗುತ್ತದೆ. ಆದರೆ ದೃಷ್ಟಿ ಮಂಜಾದರೆ, ಕಣ್ಣೆದುರು ಕಪ್ಪು ಚುಕ್ಕೆಗಳು ತೇಲಿದರೆ, ಬೆಳಕು ನೋಡಲಾಗದಿದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿರಿ. ರೆಟಿನಾದ ಹಳೆಯ ಕಲೆಯ ಅಂಚಿನಲ್ಲಿ ಸೋಂಕು ಮರುಕಳಿಸುವುದುಂಟು, ಹಾಗಾಗಿ ಒಮ್ಮೆ ಬಂದವರು ಮತ್ತೆ ಬಂದಾಗ ತಾವಾಗಿಯೇ ಗುರುತಿಸಲು ಕಲಿತಿರಬೇಕು.

ಎಚ್‌ಐವಿ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೈಮರೆಯುವಂತಿಲ್ಲ. ಇವರಲ್ಲಿ ಹೊಸ ಸೋಂಕಿಗಿಂತಲೂ ಮಿದುಳಿನಲ್ಲಿ ಮಲಗಿದ್ದ ಹಳೆಯ ಗೂಡು ಒಡೆದು ಎದ್ದೇಳುವುದೇ ದೊಡ್ಡ ಅಪಾಯ. ತಲೆನೋವು, ಗೊಂದಲ, ಅಪಸ್ಮಾರ, ದೇಹದ ಒಂದು ಬದಿಯ ಬಲಹೀನತೆ ಕಂಡರೆ ತುರ್ತು ಚಿಕಿತ್ಸೆ ಬೇಕು. ಎಚ್‌ಐವಿ ಇರುವವರ ಐಜಿಜಿ ಪಾಸಿಟಿವ್ ಇದ್ದು, ಸಿಡಿ4 ಎಂಬ ರೋಗನಿರೋಧಕ ಬಿಳಿ ರಕ್ತಕಣಗಳ ಎಣಿಕೆ 100ಕ್ಕಿಂತ ಕೆಳಗಿಳಿದರೆ ಟ್ರೈಮೆಥೊಪ್ರಿಮ್ ಮತ್ತು ಸಲ್ಫಾಮೆಥೊಕ್ಸಜೋಲ್ ಕೂಡಿದ ಮಾತ್ರೆಯನ್ನು ಮುನ್ನೆಚ್ಚರಿಕೆಯಾಗಿ ಕೊಡುತ್ತಾರೆ. ಅದನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಬಾರದು.

ಎಂಟನೆಯ ಹೆಜ್ಜೆ: ಕುರಿ, ಆಡು ಸಾಕುವವರು

ಗಬ್ಬದ ಕುರಿ ಮತ್ತು ಆಡುಗಳು ಕಂದು ಹಾಕುವುದಕ್ಕೆ, ಅಂದರೆ ಅವುಗಳಿಗೆ ಗರ್ಭಪಾತವಾಗುವುದಕ್ಕೆ, ಜಗತ್ತಿನಾದ್ಯಂತ ಇರುವ ಮುಖ್ಯ ಕಾರಣಗಳಲ್ಲಿ ಈ ಪರಾವಲಂಬಿಯೂ ಒಂದು. ದನಗಳು ಇದನ್ನು ಹೆಚ್ಚು ಚೆನ್ನಾಗಿ ತಡೆದುಕೊಳ್ಳುತ್ತವೆ. ಮೇವು ಮತ್ತು ಕಾಳು ಇಡುವ ಕೋಣೆಯಲ್ಲಿ ಇಲಿಗಳಿಗಾಗಿ ಬೆಕ್ಕು ಬಿಡುವ ಅಭ್ಯಾಸವಿದ್ದರೆ, ಅದು ಮೇವಿನ ರಾಶಿಯ ಮೇಲೆಯೇ ಮಲ ಹಾಕಿದರೆ, ಒಂದೇ ಸಲಕ್ಕೆ ಇಡೀ ಹಿಂಡಿಗೆ ಸೋಂಕು ತಗುಲಬಹುದು. ಮೇವನ್ನು ಮುಚ್ಚಿಡಿ, ಕಾಳನ್ನು ಮುಚ್ಚಳವಿರುವ ಡಬ್ಬಿಗಳಲ್ಲಿ ಇರಿಸಿ, ಕುಡಿಯುವ ನೀರಿನ ತೊಟ್ಟಿಯನ್ನು ಬೆಕ್ಕು ಸೇರದ ಕಡೆ ಇಡಿ. ಕೆಲವು ದೇಶಗಳಲ್ಲಿ ಕುರಿಗಳಿಗೆ ಇದರ ಲಸಿಕೆ ಸಿಗುತ್ತದೆ. ಮನುಷ್ಯರಿಗೆ ಲಸಿಕೆ ಇನ್ನೂ ಇಲ್ಲ.

ಕಂದು ಹಾಕಿದ ಕುರಿಯ ಮಾಸು ಮತ್ತು ಸತ್ತ ಮರಿಯನ್ನು ಬರಿಗೈಯಿಂದ ಮುಟ್ಟಬೇಡಿ. ಪಶುವೈದ್ಯರು ಮಾದರಿ ತೆಗೆದುಕೊಂಡ ಮೇಲೆ ಉಳಿದುದನ್ನು ಆಳವಾಗಿ ಹೂಳಿ ಅಥವಾ ಸುಡಿ, ಏಕೆಂದರೆ ಬೆಕ್ಕು ಅದನ್ನು ತಿಂದರೆ ಚಕ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮನೆಯ ಗರ್ಭಿಣಿಯರು ಮರಿ ಹಾಕಿಸುವ ಕೆಲಸಕ್ಕೆ ಕೈ ಹಾಕಬಾರದು, ಆ ಕೆಲಸ ಮಾಡಿ ಬಂದವರ ಬಟ್ಟೆಯನ್ನೂ ಅವರಿಂದ ಒಗೆಸಬಾರದು.